ಲಕ್ಕಿ ಸೊಪ್ಪಿನಲ್ಲಿ ತೊಳೆದ ತಟ್ಟಿ

ನನ್ನದು ಕೆಟ್ಟ ಕೈ ಎಂದು ತೀರ್ಮಾನವಾದದ್ದು ಮದುವೆಯಾಗಿ ಮಗಳು ಹುಟ್ಟಿದ ಮೇಲೆ, ಎಂಬತ್ತರ ದಶಕ ಆಗತಾನೆ ಶುರುವಾಗಿದ್ದ ಕಾಲದಲ್ಲಿ. ತೀರ್ಪು ಕೊಟ್ಟವರು ನನ್ನ ಅತ್ತೆ. ಸಾಕ್ಷಿಗೆ ನಿಂತದ್ದು ಅರ್ಧ ಗೂಡು ಕೊಳೆತ ಈರುಳ್ಳಿ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ತಮಿಳುನಾಡಿನ ಮಡತ್ತುಕುಳಂ ಹತ್ತಿರ, ಅಮರಾವತಿ ಹೊಳೆಯ ಕಾಲುವೆ ನೀರು ಹರಿಯುವ ಬಯಲಿನಲ್ಲಿ ನನ್ನ ಗಂಡನ ಮನೆ. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಆಡುತ್ತಿದ್ದೆವೇ ಹೊರತು ಓದಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಈ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಬರೀ ಹಟಕ್ಕೆ. ಇನ್ನು ಈ ವಯಸ್ಸಿನಲ್ಲಿ ಕಲಿತು ಏನು ಮಾಡುತ್ತೀ ಅಂದವರಿಗೆ ಇದನ್ನೇ ಓದಿ ಹೇಳಬೇಕೆಂದಿದ್ದೇನೆ.

ನಮ್ಮ ಕಡೆ ಸಣ್ಣ ಈರುಳ್ಳಿಯದೇ, ನಮ್ಮ ಬಾಯಲ್ಲಿ ವೆಂಗಾಯದ್ದೇ, ದರ್ಬಾರು. ಸಾಂಬಾರಿಗೆ ಇಡಿಯಾಗಿ ಹಾಕುವ ಆ ಪುಟ್ಟ ಗಡ್ಡೆಯನ್ನು ಮಾಸಿ ತಿಂಗಳಲ್ಲಿ, ಬೇಸಿಗೆ ಕಾಲಿಡುವ ಹೊತ್ತಿಗೆ, ಕಿತ್ತು ಹೊಲದಲ್ಲೇ ಒಣಗಿಸುತ್ತೇವೆ. ಆಮೇಲೆ ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ಮತ್ತೆ ನಾಟಿ ಮಾಡುವವರೆಗೆ ಅದು ಪಟ್ಟರೆಯಲ್ಲಿರಬೇಕು. ಪಟ್ಟರೆ ಎಂದರೆ ಕಲ್ಲುಗಳ ಮೇಲೆ ಎತ್ತರಿಸಿ ಕಟ್ಟಿದ, ಬಿದಿರು ಸೀಳಿನ ಗೋಡೆಯ, ತೆಂಗಿನ ಸೋಗೆ ಹೊದಿಸಿದ ಉದ್ದನೆಯ ಗೂಡು. ಸುತ್ತಲಿಂದ ಗಾಳಿ ಆಡಬೇಕು, ಮಳೆಯ ಹನಿ ಒಳಗೆ ಬೀಳಬಾರದು. ಬಿತ್ತನೆ ಗಡ್ಡೆ, ಅಡುಗೆಯ ಗಡ್ಡೆ, ಬೆಲೆ ಬಂದಾಗ ಸಂತೆಗೆ ಹೋಗುವ ಗಡ್ಡೆ ಎಲ್ಲವೂ ಅದರೊಳಗೇ.

ಆ ಪಟ್ಟರೆಯ ತಳದಲ್ಲಿ ಹಾಸುವ ಬಿದಿರಿನ ತಟ್ಟಿಯೊಂದಿತ್ತು. ಮಾವನ ತಂದೆಯ ಕಾಲದ್ದು. ಅದಕ್ಕೆ ರಾಶಿ ತಟ್ಟಿ ಅಂತ ಹೆಸರು. ವರ್ಷಕ್ಕೊಮ್ಮೆ ಹೊರಗೆ ತೆಗೆದು, ಕುಂಕುಮವಿಟ್ಟು, ಮತ್ತೆ ಹಾಸುತ್ತಿದ್ದರು. ನೀರು ಮಾತ್ರ ಸೋಕಿಸುವಂತಿರಲಿಲ್ಲ, ಸೋಕಿಸಿದರೆ ಮನೆಯ ಅದೃಷ್ಟ ತೊಳೆದುಹೋಗುತ್ತದಂತೆ. ತಟ್ಟಿಯ ಮೇಲೆ ಮೊದಲ ಕುಕ್ಕೆಯನ್ನು ಕೈರಾಶಿ ಇರುವ ಹೆಂಗಸೇ ಸುರಿಯಬೇಕು. ಮೈಸೂರು ಕಡೆಯವರು ಕೈಗುಣ ಅನ್ನುತ್ತಾರಲ್ಲ, ನಾವು ಅದನ್ನೇ ತಮಿಳರಂತೆ ಕೈರಾಶಿ ಅನ್ನುತ್ತೇವೆ. ಸುರಿದ ಕೈ ಒಳ್ಳೆಯದಾದರೆ ಗಡ್ಡೆ ಉಳಿಯುತ್ತದೆ, ಇಲ್ಲದಿದ್ದರೆ ಕೊಳೆಯುತ್ತದೆ ಎಂದು ನಂಬಿಕೆ.

ಒಂದು ಕಾಲಕ್ಕೆ ಆ ಕೈ ದೊಡ್ಡತ್ತೆಯದಾಗಿತ್ತು. ದೊಡ್ಡತ್ತೆ ಎಂದರೆ ನನ್ನ ಮಾವನ ಅಣ್ಣನ ಹೆಂಡತಿ, ಅತ್ತೆಗೆ ಓರಗಿತ್ತಿ, ಆ ಮನೆಯ ಹಿರಿಯ ಸೊಸೆ. ಗಂಡ ಸತ್ತ ದಿನದಿಂದ ಅವರ ಕೈಗಿದ್ದ ರಾಶಿಯೂ ಹೋಯಿತು ಎಂದಾಯಿತು. ಕುಕ್ಕೆ ನನ್ನ ಅತ್ತೆಯ ಕೈಗೆ ಬಂತು. ನಿನ್ನೆ ಮೊನ್ನೆಯವರೆಗೆ ಒಳ್ಳೆಯದಾಗಿದ್ದ ಕೈ ಒಂದೇ ಬೆಳಗಿಗೆ ಹೇಗೆ ಕೆಟ್ಟಿತು ಎಂದು ಆ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ಅನಿಸಿದ್ದರೂ ನುಂಗಿಕೊಂಡಿದ್ದರು.

ನಾನು ಸುರಿದ ವರ್ಷ ನಡೆದದ್ದು ಇಷ್ಟೇ. ಗಡ್ಡೆ ಒಣಗಿ ಹೊಲದಲ್ಲಿ ಬಿದ್ದಿತ್ತು. ತವರಿನಲ್ಲಿ ಸಾವಾಗಿ ಅತ್ತೆ ಅಲ್ಲಿಗೆ ಹೋಗಿದ್ದರು. ಆನೈಮಲೈ ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಕಾಯುವುದಕ್ಕಾಗದೆ ಮಾವ ನನ್ನನ್ನು ಕರೆದು ಮೊದಲ ಕುಕ್ಕೆ ಕೊಟ್ಟರು. ನಾನೂ ಖುಷಿಯಿಂದಲೇ ಸುರಿದೆ. ಆಡಿಗೆ ಹಿಂದಿನ ಆನಿ ತಿಂಗಳಲ್ಲಿ ಪಾಲಕ್ಕಾಡಿನ ಕಣಿವೆಯಿಂದ ತಣ್ಣನೆ ಗಾಳಿ ಬೀಸತೊಡಗಿದ ಮೇಲೆ ಪಟ್ಟರೆಯಿಂದ ಒಂದು ನಾತ ಬರಲು ಶುರುವಾಯಿತು. ಬಾಗಿಲು ತೆಗೆದು ಕೈ ಹಾಕಿದರೆ ಗಡ್ಡೆಯ ಸಿಪ್ಪೆಯ ಕೆಳಗೆ ಕಾಡಿಗೆಯಂತೆ ಕಪ್ಪು ಪುಡಿ, ಒತ್ತಿದರೆ ಒಳಗೆ ಲೋಳೆ. ಬಿತ್ತನೆಗೆ ಉಳಿಯಬೇಕಾದ್ದರಲ್ಲಿ ಅರ್ಧಕ್ಕರ್ಧ ಹೋಗಿತ್ತು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಅವರು ಸುಮ್ಮನೆ ನನ್ನ ಕೈಯಿಂದ ಒಂದೊಂದೇ ಕೆಲಸವನ್ನು ಕಿತ್ತುಕೊಂಡರು. ಹಾಲಿಗೆ ಹೆಪ್ಪು ಹಾಕುವಂತಿಲ್ಲ, ಉಪ್ಪಿನಕಾಯಿ ಜಾಡಿ ಮುಟ್ಟುವಂತಿಲ್ಲ, ಬೀಜದ ಮಡಕೆಯ ಕಡೆ ಸುಳಿಯುವಂತಿಲ್ಲ. ಬಂದ ನೆಂಟರ ಮುಂದೆ ತಾಂಬೂಲದ ತಟ್ಟೆ ಇಡುವುದು ಕೂಡ ಅತ್ತೆಯೇ. ಸಗಣಿ ಬಾಚುವುದು, ಪಾತ್ರೆ ತಿಕ್ಕುವುದು, ಕೊಳೆತ ಗಡ್ಡೆ ಹೊತ್ತು ಹಾಕುವುದು, ಇವಕ್ಕೆ ಯಾವ ರಾಶಿಯೂ ಬೇಕಿರಲಿಲ್ಲ. ಅವು ನನಗೂ ದೊಡ್ಡತ್ತೆಗೂ ಉಳಿದವು. ನನ್ನ ಗಂಡ ಒಳ್ಳೆಯ ಮನುಷ್ಯನೇ, ಆದರೆ ಮನೆಯಲ್ಲಿ ಜಗಳದ ವಾಸನೆ ಬಂದರೆ ಸಾಕು, ಎಮ್ಮೆಗೆ ನೀರು ಕುಡಿಸಬೇಕೆಂದು ಎದ್ದು ಹೋಗುತ್ತಿದ್ದರು. ನಮ್ಮ ಎಮ್ಮೆ ಆ ವರ್ಷ ಕುಡಿದಷ್ಟು ನೀರು ಯಾವ ವರ್ಷವೂ ಕುಡಿಯಲಿಲ್ಲ.

ಇಷ್ಟನ್ನೂ ಸಹಿಸಿಕೊಂಡು ಹೋಗುತ್ತಿದ್ದೆನೋ ಏನೋ. ಒಂದು ದಿನ ಅತ್ತೆ ಹೆಸರುಕಾಳು ಕೇರುತ್ತಿದ್ದರು. ಆಗಷ್ಟೇ ನಡೆಯಲು ಕಲಿತಿದ್ದ ನನ್ನ ಮಗಳು ಹೋಗಿ ಮೊರಕ್ಕೆ ಕೈ ಹಾಕಿದಳು. ಅತ್ತೆ ಆ ಕೈಯನ್ನು ಫಟ್ಟನೆ ತಟ್ಟಿ, "ಅವ್ವನ ಕೈಯೇ ಬಂದದೆ ಇದಕ್ಕೂ" ಅಂದರು. ಮಗು ಅಳಲಿಲ್ಲ, ತನ್ನ ಅಂಗೈ ತಿರುಗಿಸಿ ನೋಡಿಕೊಂಡಿತು. ನಾನು ಅವಳನ್ನು ಎತ್ತಿಕೊಂಡು ಹೊರಗೆ ಬಂದೆ. ನನಗೆ ಬೇಕಾದರೆ ಹೇಳಲಿ, ಇವಳು ಇನ್ನೊಂದು ಮನೆಗೆ ಹೋಗುವಾಗ ಈ ಮಾತು ಹಿಂದೆಯೇ ಹೋಗುತ್ತದಲ್ಲ. ಈ ಹಾಳು ಕೈರಾಶಿಯ ಬುಡ ಕೀಳದೆ ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ.

ಬುಡ ಎಲ್ಲಿದೆ ಎಂಬುದು ನನಗೆ ಆಗಲೇ ಗೊತ್ತಿತ್ತು. ಕೊಳೆತದ್ದನ್ನು ಬಾಚಿ ಹಾಕಿದವರು ನಾನೂ ದೊಡ್ಡತ್ತೆಯೂ ಇಬ್ಬರೇ ಆದ್ದರಿಂದ ಅದು ನಮಗಲ್ಲದೆ ಬೇರೆ ಯಾರಿಗೂ ಕಂಡಿರಲಿಲ್ಲ. ರಾಶಿಯ ಮೇಲ್ಭಾಗದ ಗಡ್ಡೆ ಗಟ್ಟಿಯಾಗಿಯೇ ಇತ್ತು. ಕೆಳಗೆ ಹೋದ ಹಾಗೆ ಕಪ್ಪು. ತಟ್ಟಿಗೆ ಅಂಟಿಕೊಂಡ ಸಾಲು ಪೂರ್ತಿ ಲೋಳೆ. ಆ ತಟ್ಟಿಯ ಸೀಳುಗಳ ಸಂದಿನಲ್ಲಿ ಎಷ್ಟೋ ವರ್ಷಗಳ ಕಪ್ಪು ಪುಡಿ ಮೆತ್ತಿಕೊಂಡಿತ್ತು, ಅದರ ಮೇಲೆ ಎಷ್ಟೋ ವರ್ಷಗಳ ಕುಂಕುಮ. ಹಿಂದೆಲ್ಲ ಆನಿಯ ಗಾಳಿ ಒಣಗಿರುತ್ತಿದ್ದಾಗ ಸ್ವಲ್ಪ ಕೊಳೆಯುತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಾನು ಸುರಿದ ವರ್ಷ ಗಾಳಿಯಲ್ಲಿ ತೇವ ಹೆಚ್ಚಿತ್ತು, ಅಷ್ಟೆ.

ಇದನ್ನು ಅತ್ತೆಗೆ ಹೇಳಿದೆ. ತಟ್ಟಿಯಿಂದಲೇ ರೋಗ ಹತ್ತುತ್ತಿದೆ, ನೀವೇ ಬಂದು ನೋಡಿ ಅಂದೆ. ಅವರು ನೋಡಲು ಬರಲಿಲ್ಲ. "ಕುಣಿಯಕ್ಕಾಗ್ದವ್ಳು ನೆಲ ಡೊಂಕು ಅಂದ್ಳಂತೆ" ಅಂದು ಹೂಕಟ್ಟುವುದನ್ನು ಮುಂದುವರಿಸಿದರು. ಗಾದೆ ಮಾತು ಸರಿಯೇ. ಆದರೆ ಒಮ್ಮೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ, ಅದಕ್ಕೆ ಗಾದೆ ಕಟ್ಟಿದವರು ಯಾರೂ ಇಲ್ಲ.

ನನ್ನ ಗಂಡನಿಗೆ ಹೇಳಿದೆ. ಅವರು ಉಡುಮಲೆ ಪೇಟೆಗೆ ಹೋದಾಗ ಗೊಬ್ಬರದಂಗಡಿಯಿಂದ ಒಂದು ಬಿಳಿ ಪುಡಿ ತಂದರು. ಬಿತ್ತನೆ ಗಡ್ಡೆಗೆ ಸವರಬಹುದು, ಅಡುಗೆ ಗಡ್ಡೆಗೆ ಕೂಡದು ಎಂದು ಅಂಗಡಿಯವನೇ ಹೇಳಿ ಕಳಿಸಿದ್ದ. ನಮ್ಮದು ಎರಡೂ ಒಂದೇ ಗೂಡಿನಲ್ಲಿ. ದಿನಾ ಬೆಳಗ್ಗೆ ಅದರಿಂದಲೇ ಬೊಗಸೆ ತುಂಬ ತೆಗೆದು ಒಗ್ಗರಣೆಗೆ ಹಾಕುವ ಮನೆಯಲ್ಲಿ ಆ ಪುಡಿಯನ್ನು ಎಲ್ಲಿ ಸುರಿಯುವುದು? ಅದು ಹಾಗೆಯೇ ತೊಲೆಯ ಮೇಲೆ ಕೂತಿತು.

ಆಗ ನನಗೆ ಲಕ್ಕಿ ಸೊಪ್ಪು ನೆನಪಾಯಿತು. ತಮಿಳಿನಲ್ಲಿ ನೊಚ್ಚಿ ಅನ್ನುತ್ತಾರೆ. ಕಾಲುವೆಯ ದಂಡೆಯುದ್ದಕ್ಕೂ ಅದೇ. ನೆಗಡಿಗೆ ಅದರ ಆವಿ, ಸೊಳ್ಳೆಗೆ ಅದರ ಹೊಗೆ, ಅಕ್ಕಿ ಮಡಕೆಗೆ ಹುಳ ಬೀಳದಂತೆ ಅದರ ಒಣ ಎಲೆ. ಇಷ್ಟೆಲ್ಲ ಮಾಡುವ ಸೊಪ್ಪು ಕಪ್ಪು ಬೂಷ್ಟಿಗೆ ಏನೂ ಮಾಡದೆ ಇರುತ್ತದೆಯೇ ಎಂದು ದೊಡ್ಡತ್ತೆಯನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಬೇವೂ ಸೇರಲಿ, ಬೆಳ್ಳುಳ್ಳಿಯೂ ಸೇರಲಿ, ಕೆಟ್ಟ ಕೈಗಳು ಮಾಡಿದ ಅಡುಗೆ ಇನ್ನೆಷ್ಟು ಕೆಡುತ್ತದೆ ಎಂದು ನಕ್ಕರು. ಅವರು ಹಾಗೆ ಬಾಯಿಬಿಟ್ಟು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ.

ಕೊಟ್ಟಿಗೆಯ ಹಿಂದೆ ಕಲ್ಲೊಲೆ ಹೂಡಿ, ಹಳೆಯ ಹಂಡೆಯಲ್ಲಿ ಲಕ್ಕಿ ಮತ್ತು ಬೇವಿನ ಸೊಪ್ಪು ಕುದಿಸಿದೆವು. ನೀರು ಅರ್ಧಕ್ಕೆ ಇಳಿದು ಕಡು ಹಸಿರಾದ ಮೇಲೆ ಇಳಿಸಿ, ಆರಿದ ನಂತರ ಜಜ್ಜಿದ ಬೆಳ್ಳುಳ್ಳಿ ಹಿಂಡಿದೆವು. ಬೇಲಿಯಾಚೆ ಹೋಗುವವರು ಮೂಗು ಮುಚ್ಚಿಕೊಂಡರು. ಮೊದಲ ಪ್ರಯೋಗದಲ್ಲಿ ನಾನು ದಡ್ಡತನ ಮಾಡಿದೆ. ಒಂದು ಕುಕ್ಕೆ ಗಡ್ಡೆಯನ್ನೇ ಕಷಾಯದಲ್ಲಿ ಅದ್ದಿ ನೆರಳಿಗೆ ಹರಡಿದೆ. ಈರುಳ್ಳಿಗೆ ನೀರೆಂದರೆ ವೈರಿ. ಸಿಪ್ಪೆಯೊಳಗೆ ನಿಂತ ತೇವ ಆರಲೇ ಇಲ್ಲ. ಕೆಲವು ಮೊಳೆತವು, ಉಳಿದವು ಎಲ್ಲಕ್ಕಿಂತ ಮೊದಲು ಕೊಳೆತವು. ಅತ್ತೆ ಬಂದು ಕುಕ್ಕೆಯನ್ನು ನೋಡಿ, ನಕ್ಕು ಹೋದರು. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು.

ಉರಿದದ್ದು ಒಳ್ಳೆಯದೇ ಆಯಿತು. ಕೂತು ಯೋಚಿಸಿದೆ. ರೋಗ ಇರುವುದು ತಟ್ಟಿಯಲ್ಲಿ, ನಾನು ಕಷಾಯ ಕುಡಿಸುತ್ತಿರುವುದು ಗಡ್ಡೆಗೆ. ಮನೆಗೆ ಬಂದ ನೆಂಟರಿಗೆ ತಲೆಗೆ ನೀರೆರೆದು ಹಳೆಯ ಕೊಳಕು ಹಾಸಿಗೆಯ ಮೇಲೆ ಮಲಗಿಸಿದಂತಾಯಿತು. ಕೊಳೆತ ಗಡ್ಡೆ ಹೊತ್ತಿದ್ದ ಎರಡು ಹಳೆಯ ಕುಕ್ಕೆ ತಂದು, ಒಂದನ್ನು ಕಷಾಯದಲ್ಲಿ ನೆನೆಸಿ ತಿಕ್ಕಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದೆ, ಇನ್ನೊಂದನ್ನು ಇದ್ದ ಹಾಗೇ ಬಿಟ್ಟೆ. ಎರಡಕ್ಕೂ ಒಂದೇ ರಾಶಿಯ ಒಣ ಗಡ್ಡೆ ತುಂಬಿದೆ, ಎರಡಕ್ಕೂ ಇದೇ ಕೆಟ್ಟ ಕೈಯಿಂದ. ಮಳೆಗಾಳಿ ಮುಗಿಯುವ ಹೊತ್ತಿಗೆ ತೊಳೆಯದ ಕುಕ್ಕೆಯ ತಳ ಕಪ್ಪಾಗಿತ್ತು. ತೊಳೆದದ್ದರಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಗಡ್ಡೆ ಗಟ್ಟಿಯಾಗಿತ್ತು. ಸೊಪ್ಪು ಪವಾಡ ಮಾಡಿತೆಂದು ನಾನು ಹೇಳುವುದಿಲ್ಲ. ಆದರೆ ಎರಡು ಕುಕ್ಕೆಗಳ ನಡುವಿನ ಭೇದಕ್ಕೆ ನನ್ನ ಕೈ ಕಾರಣವಲ್ಲ ಎಂಬುದು ಕುರುಡರಿಗೂ ತಡವಿದರೆ ಗೊತ್ತಾಗುತ್ತಿತ್ತು.

ಮುಂದಿನ ಮಾಸಿಯಲ್ಲಿ ಗಡ್ಡೆ ಕಿತ್ತು ಒಣಗುತ್ತಿದ್ದಾಗ, ಪಟ್ಟರೆಗೆ ತುಂಬುವ ಮುಂಚೆ, ನಾನು ರಾಶಿ ತಟ್ಟಿಯನ್ನು ಎಳೆದುಕೊಂಡು ಕಾಲುವೆಗೆ ಹೋದೆ. ಕದ್ದು ಮುಚ್ಚಿ ಅಲ್ಲ, ಹಾಡುಹಗಲು, ಬಟ್ಟೆ ಒಗೆಯುವ ಹೆಂಗಸರೆಲ್ಲ ನೋಡುತ್ತಿದ್ದ ಹೊತ್ತಿನಲ್ಲಿ. ದೊಡ್ಡತ್ತೆ ಕಷಾಯದ ಕೊಡ ಹೊತ್ತು ಹಿಂದೆ ಬಂದರು. ತೆಂಗಿನ ನಾರಿನಿಂದ ಸೀಳು ಸೀಳನ್ನೂ ತಿಕ್ಕಿದೆ. ಮೊದಲು ಕೆಂಪು ನೀರು ಹೋಯಿತು, ಆಮೇಲೆ ಕಪ್ಪು. ಕಪ್ಪು ಬಹಳ ಹೊತ್ತು ಹೋಯಿತು.

ಯಾರೋ ಓಡಿ ಹೋಗಿ ಹೇಳಿರಬೇಕು. ಅತ್ತೆ ಬಂದು ದಂಡೆಯ ಮೇಲೆ ನಿಂತರು. ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ಹೆದರಿಕೆಯಾಗಿತ್ತು ಎಂದು ನನಗೆ ಆಗಲೇ ತಿಳಿಯಿತು. ಆದರೂ ನಾನು ಕೈ ನಿಲ್ಲಿಸಲಿಲ್ಲ.

"ತೊಳ್ದುಬುಟ್ಟೆಯಲ್ಲ" ಅಂದರು. "ಇನ್ನು ಈ ತಟ್ಟಿ ಮೇಲೆ ನಾನು ಸುರಿಯಲ್ಲ. ನೀನೇ ಸುರಿ. ವೆಂಗಾಯ ಕೊಳೆತ್ರೆ ಊರೆಲ್ಲ ಕೂಗಿ ಹೇಳ್ತೀನಿ."

"ಹೇಳಿ ಅತ್ತೆ. ಕೊಳೀದೇ ಇದ್ರೂ ಹೇಳ್ಬೇಕು ಮತ್ತೆ."

ನೀರು ಕುಡಿಸಲು ಎಮ್ಮೆ ಕಾಣದೆ ನನ್ನ ಗಂಡ ಅವತ್ತು ಅಲ್ಲೇ ಸಿಕ್ಕಿಬಿದ್ದಿದ್ದರು. ಏನು ತೋಚಿತೋ, ಕಾಲುವೆಗೆ ಇಳಿದು ತಟ್ಟಿಯ ಇನ್ನೊಂದು ತುದಿ ಹಿಡಿದು ಮೇಲೆತ್ತಿದರು. ತಟ್ಟಿಯನ್ನು ಬಂಡೆಯ ಮೇಲೆ ಒಣಗಿಸಿ, ಪಟ್ಟರೆಯ ಗೋಡೆಗೂ ಅದೇ ಕಷಾಯ ಬಳಿದೆವು. ಎಲ್ಲ ಗರಿಗರಿ ಒಣಗಿದ ಮೇಲೆ ತಳಕ್ಕೆ ಒಣ ಲಕ್ಕಿ ಎಲೆ ಹರಡಿ ಮೊದಲ ಕುಕ್ಕೆ ನಾನೇ ಸುರಿದೆ. ಆ ನಾಲ್ಕೈದು ತಿಂಗಳು ನಾನು ನೆಮ್ಮದಿಯಾಗಿ ಉಂಡದ್ದು ನೆನಪಿಲ್ಲ. ದಿನಾ ಪಟ್ಟರೆಯ ಹತ್ತಿರ ಹೋಗಿ ಮೂಸುತ್ತಿದ್ದೆ. ನನಗಿಂತ ಮುಂಚೆ ಅತ್ತೆ ಬಂದು ಮೂಸಿ ಹೋಗಿರುತ್ತಿದ್ದರು.

ಆಡಿ ಬಂತು, ಪಟ್ಟರೆ ತೆಗೆದೆವು. ಒಣಗಿ ಸೊರಗಿದ್ದು, ಮೊಳೆತದ್ದು ಎಲ್ಲ ವರ್ಷದಂತೆ ಇತ್ತು. ಕೊಳೆತದ್ದು ಒಂದು ಮೊರಕ್ಕೂ ಸಾಲದಷ್ಟು. ಅತ್ತೆ ಮಾತು ಉಳಿಸಿಕೊಂಡರು, ಊರಿಗೆಲ್ಲ ಹೇಳಿದರು. ಆದರೆ ಹೇಳಿದ್ದೇನು ಗೊತ್ತೇ? ಆನೈಮಲೈಯ ಮಾಸಾಣಿ ಅಮ್ಮನಿಗೆ ತಾವು ಹರಕೆ ಹೊತ್ತಿದ್ದರಂತೆ, ಮೆಣಸಿನಕಾಯಿ ಅರೆದು ಗುಡಿಯ ಕಲ್ಲಿಗೆ ಹಚ್ಚಿ ಬೇಡಿಕೊಂಡಿದ್ದರಂತೆ, ಅದಕ್ಕೇ ಸೊಸೆಯ ಕೈರಾಶಿ ತಿರುಗಿತಂತೆ! ಕೇಳಿದವರೆಲ್ಲ ಹೌದೌದು ಅಂದರು. ಒಬ್ಬಾಕೆ ತನ್ನ ಸೊಸೆಯ ಸೀಮಂತಕ್ಕೆ ಮೊದಲ ಬಳೆ ನಾನೇ ತೊಡಿಸಬೇಕೆಂದು ಕೇಳಿಕೊಂಡು ಬಂದಳು. ಹೆಪ್ಪಿನ ಬಟ್ಟಲು, ಉಪ್ಪಿನಕಾಯಿ ಜಾಡಿ, ಬೀಜದ ಮಡಕೆ ಎಲ್ಲವೂ ಒಂದೊಂದಾಗಿ ನನ್ನ ಕಡೆ ತೆವಳಿಕೊಂಡು ಬಂದವು.

ಅಮ್ಮನ ಮೇಲೆ ನನಗೇನೂ ಕೋಪವಿಲ್ಲ, ಈಗಲೂ ಹೋಗಿ ಕೈಮುಗಿಯುತ್ತೇನೆ. ಆದರೆ ಆ ಮರ್ಯಾದೆ ಗಂಟಲಲ್ಲಿ ಇಳಿಯಲಿಲ್ಲ. ನಾನು ತೊಳೆದದ್ದು ತಟ್ಟಿಯನ್ನು, ಅವರು ಹೊಗಳುತ್ತಿದ್ದದ್ದು ಕೈಯನ್ನು. ಯಾಕೆಂದು ಯೋಚಿಸಿದೆ. ಸೊಪ್ಪು ಎಂದರೆ ಬೇಲಿಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಕೈ ಎಂದರೆ ಒಬ್ಬರಿಗೆ ಮಾತ್ರ. ನನ್ನ ಅತ್ತೆಗೆ ಆ ಮನೆಯಲ್ಲಿ ಹೊಲವಿರಲಿಲ್ಲ, ಹಣವಿರಲಿಲ್ಲ, ಗಂಡನ ಎದುರು ಮಾತೂ ಇರಲಿಲ್ಲ. ಇದ್ದದ್ದು ಆ ಕೈಯ ಹೆಸರೊಂದೇ. ಇದು ಅರ್ಥವಾದಾಗ ನನಗೆ ಪಾಪವೆನಿಸಿದ್ದು ನಿಜ. ಪಾಪವೆನಿಸಿತೆಂದು ನನ್ನ ಮಗಳನ್ನು ಅದಕ್ಕೆ ಬಲಿ ಕೊಡಲು ಮಾತ್ರ ನಾನು ತಯಾರಿರಲಿಲ್ಲ. ಇವತ್ತು ನನ್ನದು ಒಳ್ಳೆಯ ಕೈ ಎಂದು ಒಪ್ಪಿಕೊಂಡರೆ, ನಾಳೆ ಇನ್ನೊಬ್ಬಳದು ಕೆಟ್ಟದ್ದಾಗಲೇಬೇಕು.

ಮರುವರ್ಷ ಪಟ್ಟರೆ ತುಂಬುವ ದಿನ ಅತ್ತೆ ತಾವೇ ಕುಕ್ಕೆ ತುಂಬಿ, ಅರಿಶಿನ ಹಚ್ಚಿ, ಎಲ್ಲರ ಎದುರು ನನ್ನ ಕೈಗೆ ಕೊಟ್ಟರು. ಕೂಲಿಗೆ ಬಂದ ಹೆಂಗಸರು, ಮಾವ, ನನ್ನ ಗಂಡ ಎಲ್ಲ ನಿಂತಿದ್ದರು. ದೊಡ್ಡತ್ತೆ ವಾಡಿಕೆಯಂತೆ ದೂರ, ಕೊಟ್ಟಿಗೆಯ ಗೋಡೆಗೊರಗಿ ನಿಂತಿದ್ದರು. ನಾನು ಕುಕ್ಕೆ ಹಿಡಿದು ಅವರ ಹತ್ತಿರ ನಡೆದೆ.

ಅವರು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬೇಡ ನನ್ ಕಣ್ಣು. ನಾನು ಮುಟ್ಟಬಾರ್ದು."

"ಕಷಾಯ ಕಾಯ್ಸಿದ್ದು ನೀವು, ತಟ್ಟಿ ಒಣಗ್ಸಿದ್ದು ನೀವು. ಸುರಿಯಕ್ಕೆ ಮಾತ್ರ ನಾನ್ಯಾಕೆ?" ಅಂದೆ. ಆಮೇಲೆ ಎಲ್ಲರ ಕಡೆ ತಿರುಗಿ, ದೊಡ್ಡತ್ತೆ ಸುರಿದರೆ ಸುರಿದ ಹಾಗೆ, ಇಲ್ಲದಿದ್ದರೆ ಈ ವರ್ಷ ನಾನು ಒಂದು ಗಡ್ಡೆಯನ್ನೂ ಮುಟ್ಟುವುದಿಲ್ಲ, ಒಳ್ಳೆಯ ಕೈಯನ್ನು ಬೇರೆ ಎಲ್ಲಾದರೂ ಹುಡುಕಿಕೊಳ್ಳಿ ಎಂದೆ. ಮಾವ ಕೆಮ್ಮಿದರು. ಅತ್ತೆಯ ಮುಖ ಕಪ್ಪಿಟ್ಟಿತು.

ದೊಡ್ಡತ್ತೆ ಒಂದೊಂದೇ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ಕುಕ್ಕೆ ತೆಗೆದುಕೊಂಡರು. ಮರೆತಿರಲಿಲ್ಲ ಅವರು. ಮಂಡಿಯೂರಿ, ಗಡ್ಡೆಗೆ ಪೆಟ್ಟಾಗದಂತೆ, ಮೂಲೆಯಿಂದ ಮೂಲೆಗೆ ತೆಳ್ಳಗೆ ಸುರಿದರು. ಅತ್ತೆ ಅಷ್ಟು ಹೊತ್ತಿಗೆ ಮನೆಯೊಳಗೆ ಹೋಗಿಯಾಗಿತ್ತು. ಎಷ್ಟೋ ದಿನ ನನ್ನ ಜೊತೆಯೂ ದೊಡ್ಡತ್ತೆಯ ಜೊತೆಯೂ ಮಾತು ಬಿಟ್ಟರು. ಬಿಡಲಿ ಎಂದು ನಾನೂ ಬಿಟ್ಟೆ.

ಆ ವರ್ಷ ಆನಿಯಲ್ಲಿ ಮಳೆ ಜೋರಾಗಿತ್ತು. ಒಂದು ಬೆಳಗ್ಗೆ ಅಡುಗೆಗೆ ಗಡ್ಡೆ ತೆಗೆಯಲು ಹೋದ ನನ್ನ ಕೈಗೆ ಲೋಳೆ ಹತ್ತಿತು. ಪಟ್ಟರೆಯ ಒಂದು ಮೂಲೆ ಕಪ್ಪಾಗಿತ್ತು. ನಾನು ಹೆದರಿದೆ. ನನಗಾಗಿ ಅಲ್ಲ. ಹಿಂದೆಯೇ ಬಂದ ದೊಡ್ಡತ್ತೆ ಅದನ್ನು ನೋಡಿ ಅಲ್ಲೇ ನೆಲಕ್ಕೆ ಕೂತು ಕೈ ಸೆರಗಿನೊಳಗೆ ಸೇರಿಸಿದರು. ನನ್ನ ಗಂಡ ಬಂದರು, ಮಾವ ಬಂದರು. ಕೊನೆಗೆ ಅತ್ತೆ ಬಂದರು.

ಅವರು ಆ ಕೊಳೆತ ಮೂಲೆಯನ್ನು ನೋಡಿದರು. ನೆಲದ ಮೇಲೆ ತಲೆ ತಗ್ಗಿಸಿ ಕೂತಿದ್ದ ಓರಗಿತ್ತಿಯನ್ನು ನೋಡಿದರು. ಒಂದು ಮಾತು ಸಾಕಾಗಿತ್ತು, ಆ ಹೆಂಗಸು ಸಾಯುವವರೆಗೆ ಮತ್ತೆ ಕೈ ಸೆರಗಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಆ ಮಾತು ಬಂದರೆ ಏನು ಹೇಳಬೇಕೆಂದು ನಾನು ಸಿದ್ಧವಾಗಿ ನಿಂತಿದ್ದೆ. ಅತ್ತೆ ಬಗ್ಗಿ, ಕೊಳೆತ ಗಡ್ಡೆಗಳ ಮೇಲೆ ಅಂಗೈ ಇಟ್ಟು ತೇವ ನೋಡಿ, ನಿಧಾನವಾಗಿ ತಲೆಯೆತ್ತಿ ಮೇಲಕ್ಕೆ ನೋಡಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ ಹೇಳಿದರು:

"ಸೂರು ಸೋರ್ತಾ ಅದೆ. ಈ ಮೂಲೇಗೆ ಹೊಸ ಸೋಗೆ ಹಾಕ್ಸು."